ನಿಂತಿದ್ದು ಯಾವ ಸಾಲಿನಲ್ಲಿ ಅಂತ ಮೊದಲು ನೋಡಿ

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಚೀಲದಲ್ಲಿ ಐದು ಅರ್ಧಂಬರ್ಧ ಹೆಣಿಗೆ: ಜಡೆ ಡಿಸೈನಿನ ಸ್ವೆಟರ್, ಒಂಟಿ ಕಾಲುಚೀಲ, ಮಗುವಿನ ಸ್ವೆಟರ್, ಒಂದು ಮಫ್ಲರ್, ಮೊಹೇರ್ (ಅಂಗೋರಾ ಆಡಿನ ಕೂದಲಿನ ನೂಲು) ಶಾಲು. ಯಾವುದನ್ನು ತೆಗೆದರೂ ಎರಡು ಸಾಲಿಗೇ ಬೇಸರ ಬರುತ್ತದೆ, ಹೆಣೆಯುವ ಆಸೆಯೇ ಹೋಯಿತೇನೋ ಅಂತ ಭಯ ಆಗಿದೆ ಅಂದಿದ್ದೀರಿ.

ಆಸೆ ಹೋಗಿಲ್ಲ ಅಂತ ನನಗನಿಸುತ್ತದೆ. ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ, ಅಲ್ವಾ? ನಾನು ಕಂಡ ಹಾಗೆ ಹೆಣಿಗೆ ಸುಮ್ಸುಮ್ನೆ ನಿಲ್ಲುವುದಿಲ್ಲ. ಯಾವುದೋ ಒಂದು ಸಾಲಿನಲ್ಲಿ ನಿಲ್ಲುತ್ತದೆ, ಅಲ್ಲೊಂದು ತೊಡಕು ಇರುತ್ತದೆ. ನನ್ನ ಒಂದು ಸ್ವೆಟರ್ ಮೂರು ವರ್ಷ ಹಾಗೇ ಇತ್ತು. ಆಸಕ್ತಿ ಹೋಯಿತು ಅಂದುಕೊಂಡಿದ್ದೆ. ಹೊರಗೆ ತೆಗೆದು ನೋಡಿದರೆ ಕುತ್ತಿಗೆಯ ಅಂಚಿನಿಂದ ಕುಣಿಕೆ (ಕಡ್ಡಿಯ ಮೇಲೆ ಕೂರುವ ನೂಲಿನ ಒಂದೊಂದು ಸುತ್ತು) ಎತ್ತುವ ಜಾಗಕ್ಕೆ ಬಂದು ನಿಂತಿತ್ತು. ಅದು ನನಗೆ ಬರುತ್ತಿರಲಿಲ್ಲ, ಅಷ್ಟೇ. ಕಲಿತ ಮೇಲೆ ಒಂದು ಸಂಜೆಯಲ್ಲಿ ಮುಗಿಯಿತು.

ಅದಕ್ಕೆ ಮೊದಲ ದಿನ ಹೆಣೆಯಲೇಬೇಡಿ. ಐದನ್ನೂ ಮೇಜಿನ ಮೇಲೆ ಹರಡಿ. ಒಂದೊಂದಕ್ಕೂ ಒಂದು ಚೀಟಿ ಬರೆದು ಪಿನ್ ಮಾಡಿ: ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ಕಡ್ಡಿ ಎಷ್ಟು ಮಿ.ಮೀ. ಕಡ್ಡಿಯ ಅಳತೆ ಬರೆಯುವುದು ಮುಖ್ಯ. ಬೇರೆ ಕೆಲಸಕ್ಕೆ ಅಂತ ಆ ಕಡ್ಡಿ ಎಳೆದುಕೊಂಡು ಆಮೇಲೆ ಯಾವುದಿತ್ತು ಅಂತ ಪರದಾಡುವುದು ನಮ್ಮೆಲ್ಲರಿಗೂ ಆಗಿದೆ.

ಜಡೆ ಸ್ವೆಟರಿನ ತೊಡಕನ್ನು ನೀವೇ ಹೇಳಿದ್ದೀರಿ. ಹನ್ನೆರಡು ಸಾಲು ಕೆಳಗೆ ಒಂದು ಜಡೆ ತಪ್ಪು ಕಡೆಗೆ ತಿರುಗಿದೆ, ಅಷ್ಟೂ ಬಿಚ್ಚಬೇಕಲ್ಲ ಅಂತ ಕೈ ನಿಂತಿದೆ. ಅಷ್ಟೂ ಬಿಚ್ಚಬೇಕಿಲ್ಲ! ಆ ಜಡೆಯ ಆರು ಕುಣಿಕೆಗಳನ್ನು ಮಾತ್ರ ಬಿಚ್ಚಿದರೆ ಸಾಕು. ಮೊದಲು ತಪ್ಪಾದ ತಿರುವಿನ ಕೆಳಗಿನ ಸಾಲು ಹುಡುಕಿ. ಬೇರೆ ಬಣ್ಣದ ನಯವಾದ ಹತ್ತಿ ದಾರವನ್ನು ಹೊಲಿಗೆ ಸೂಜಿಗೆ ಪೋಣಿಸಿ, ಆ ಸಾಲಿನ ಆರೂ ಕುಣಿಕೆಗಳ ಒಳಗೆ ಹಾಯಿಸಿ. ಇನ್ನು ಎಷ್ಟೇ ಜಾರಿದರೂ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಸೀದಾ ಕಡೆ ಮುಂದಿಟ್ಟುಕೊಂಡು ಜಡೆಯವರೆಗೆ ಹೆಣೆದು ಬನ್ನಿ, ಆರು ಕುಣಿಕೆ ಕಡ್ಡಿಯಿಂದ ಇಳಿಸಿ, ದಾರದವರೆಗೂ ಬಿಚ್ಚಿ. ನೂಲು ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ನಿಲ್ಲುತ್ತದೆ. ಒಂದು ಮೆಟ್ಟಿಲು ಅಂದರೆ ಒಂದು ಸಾಲು. ಎರಡೂ ಕಡೆ ಮೊನೆ ಇರುವ ಚಿಕ್ಕ ಕಡ್ಡಿಗಳಲ್ಲಿ ಕುಣಿಕೆ ಎತ್ತಿಕೊಂಡು, ಮೂರನ್ನು ಉಳಿದ ಮೂರರಿಂದಾಚೆ ಸರಿಯಾದ ಕಡೆಗೆ ದಾಟಿಸಿ, ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಮೇಲಕ್ಕೆ ಹೆಣೆಯುತ್ತಾ ಬನ್ನಿ. ಮೆಟ್ಟಿಲಿನ ಕ್ರಮ ತಪ್ಪಬಾರದು, ಅದೊಂದೇ ಎಚ್ಚರ. ಮುಗಿದಾಗ ಅಂಚಿನ ಕುಣಿಕೆಗಳು ಸ್ವಲ್ಪ ಸಡಿಲ ಕಾಣಬಹುದು. ಕಡ್ಡಿಯ ಮೊನೆಯಿಂದ ಎಳೆದು ಹೊಂದಿಸಿ, ಒಗೆದ ಮೇಲೆ ಬಹಳಷ್ಟು ಸರಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ವಿಷಯ ನೋಡಬೇಕು. ತಿಂಗಳುಗಟ್ಟಲೆ ಬಿಟ್ಟಿದ್ದರೆ ಕೈಯ ಬಿಗಿ ಬದಲಾಗಿರುತ್ತದೆ. ಸುಮ್ನೆ ಮುಂದುವರಿಸಿದರೆ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ. ಕಡ್ಡಿ ಕೂತಿದ್ದ ಸಾಲು ಬೇರೆ ಹಿಗ್ಗಿರುತ್ತದೆ. ಎರಡು ಮೂರು ಸಾಲು ಬಿಚ್ಚಿ ಶುರುಮಾಡಿ. ನಾಲ್ಕೈದು ಸೆಂ.ಮೀ. ಹೆಣೆದ ಮೇಲೆ ಹಳೆಯ ಭಾಗದಲ್ಲಿ ಮತ್ತು ಹೊಸ ಭಾಗದಲ್ಲಿ ಅಡ್ಡಕ್ಕೆ 10 ಸೆಂ.ಮೀ. ಅಳೆದು ಕುಣಿಕೆ ಎಣಿಸಿ. ಮೊದಲು 22 ಇದ್ದದ್ದು ಈಗ 24 ಬಂದರೆ ಸಣ್ಣ ವ್ಯತ್ಯಾಸ ಅನಿಸುತ್ತದೆ. ಆದರೆ 100 ಕುಣಿಕೆಯ ಮುಂಭಾಗಕ್ಕೆ ಅದು 45 ಸೆಂ.ಮೀ.ಗೂ 42ಕ್ಕೂ ಇರುವ ಅಂತರ. ಬಿಗಿಯಾಗಿದ್ದರೆ ಅರ್ಧ ಮಿ.ಮೀ. ದಪ್ಪ ಕಡ್ಡಿ ತಗೊಳ್ಳಿ, ಕೈಯನ್ನು ಬಲವಂತವಾಗಿ ಸಡಿಲ ಮಾಡಲು ಹೋಗಬೇಡಿ. ಅದು ಹತ್ತು ಸಾಲೂ ನಿಲ್ಲುವುದಿಲ್ಲ.

ಒಂಟಿ ಕಾಲುಚೀಲಕ್ಕೆ ಬೇಕಾಗಿರುವುದು ಲೆಕ್ಕ. ಟೇಪಿನಲ್ಲಿ ಅಳೆಯಬೇಡಿ, ಹಿಮ್ಮಡಿಯಿಂದ ಬೆರಳಿನ ಕಡೆ ಕುಣಿಕೆ ಕಡಿಮೆ ಮಾಡಲು ಶುರುವಾಗುವ ಜಾಗದವರೆಗೆ ಎಷ್ಟು ಸಾಲು ಅಂತ ಎಣಿಸಿ ಬರೆದಿಡಿ, ಎರಡನೆಯದನ್ನೂ ಅಷ್ಟೇ ಸಾಲು ಹೆಣೆಯಿರಿ. ಮುಂದಿನ ಸಲ ಎರಡು ಉಂಡೆ ನೂಲು ಇಟ್ಟುಕೊಂಡು, ಉದ್ದ ತಂತಿಯ ಸರ್ಕ್ಯುಲರ್ ಕಡ್ಡಿಯಲ್ಲಿ (ಎರಡು ಕಡ್ಡಿಗಳನ್ನು ತಂತಿ ಸೇರಿಸಿರುತ್ತದೆ) ಎರಡೂ ಕಾಲುಚೀಲ ಒಟ್ಟಿಗೇ ಹೆಣೆಯಿರಿ. ಸ್ವೆಟರಿನ ತೋಳಿಗೂ ನಾನು ಹೀಗೇ ಮಾಡುತ್ತೇನೆ.

ಮಗುವಿನ ಸ್ವೆಟರ್ ಮುಟ್ಟುವ ಮೊದಲು ಮಗುವಿನ ಎದೆ ಅಳತೆ ತಗೊಳ್ಳಿ. ಕೆಳಗಿನಿಂದ ಶುರುಮಾಡಿದ ಹೆಣಿಗೆಯಲ್ಲಿ ಕಂಕುಳಿನವರೆಗೆ ಉದ್ದ ಹೆಚ್ಚಿಸಬಹುದು, ಅಗಲ ಹೆಚ್ಚಿಸುವುದು ಕಷ್ಟ. ಮಗು ಬೆಳೆದಿದ್ದರೆ ಅದನ್ನು ಇನ್ನೂ ಚಿಕ್ಕ ಮಗುವಿಗೆ ಅಂತ ಮುಗಿಸಿ, ಇಲ್ಲವೇ ಬಿಚ್ಚಿ.

ಮೊಹೇರ್ ಶಾಲು ಚುಚ್ಚುತ್ತದೆ, ಇಷ್ಟವಾಗಿಲ್ಲ ಅಂದಿರಿ. ಹಾಗಾದರೆ ದಯವಿಟ್ಟು ಮುಗಿಸಬೇಡಿ. ಬಿಚ್ಚುವುದು ಸೋಲು ಅಂತ ಯಾರು ಹೇಳಿದರೋ ಗೊತ್ತಿಲ್ಲ, ನನಗಂತೂ ಒಪ್ಪಿಗೆಯಿಲ್ಲ. ಮೊಹೇರಿನ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ಎಳೆದರೆ ತುಂಡಾಗುತ್ತದೆ. ಕವರಿನಲ್ಲಿ ಹಾಕಿ ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟು, ನಿಧಾನವಾಗಿ ಬಿಚ್ಚಿ.

ಬಿಚ್ಚಿದ ಉಲ್ಲನ್ ಗುಂಗುರಾಗಿರುತ್ತದೆ, ಹಾಗೇ ಹೆಣೆದರೆ ಕುಣಿಕೆ ಸಮ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಉಜ್ಜಬೇಡಿ, ಉಲ್ಲನ್ ಗಂಟುಕಟ್ಟಿ ಗಟ್ಟಿಯಾಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ನೇತುಹಾಕಿ. ಅಕ್ರಿಲಿಕ್ ಇಷ್ಟು ಚೆನ್ನಾಗಿ ನೇರ ಆಗುವುದಿಲ್ಲ.

ಹಾಂ, ಉಲ್ಲನ್ನಿನವು ಇಷ್ಟು ದಿನ ಚೀಲದಲ್ಲೇ ಇದ್ದವು ಅಂದರೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಪತಂಗದ ಮರಿಹುಳ ಉಲ್ಲನ್ ತಿನ್ನುತ್ತದೆ. ಸಣ್ಣ ತೂತು ಕಂಡರೆ ಅದನ್ನು ಬೇರೆ ಕವರಿನಲ್ಲಿ ಕಟ್ಟಿಡಿ.

ಮಫ್ಲರ್ ಬಗ್ಗೆ ಕೊನೆಗೆ ಹೇಳುತ್ತಿದ್ದೇನೆ, ಆದರೆ ಅದನ್ನೇ ಮೊದಲು ಮಾಡಿ. ಅದರಲ್ಲಿ ತೊಡಕೇನೂ ಇಲ್ಲ, ಉದ್ದ ಜಾಸ್ತಿ ಬೇಕು ಅಂತಷ್ಟೇ ಬೇಸರ. ಈಗ 60 ಸೆಂ.ಮೀ. ಆಗಿದೆ ಅಂದಿರಿ. ಅಲ್ಲಿಗೇ ಕುಣಿಕೆ ಮುಚ್ಚಿ ಎರಡು ತುದಿ ಸೇರಿಸಿ ಹೊಲಿದರೆ ಕುತ್ತಿಗೆಗೆ ಹಾಕುವ ಬಳೆಯಂಥ ಮಫ್ಲರ್ ಆಗುತ್ತದೆ. ಒಂದೇ ದಿನದಲ್ಲಿ ಮುಗಿಯುತ್ತದೆ, ಒಂದು ಜೊತೆ ಕಡ್ಡಿಯೂ ಖಾಲಿಯಾಗುತ್ತದೆ.

ಜಡೆಯ ಕುಣಿಕೆ ಇಳಿಸುವ ಮೊದಲು ಆ ಜಾಗದ ಫೋಟೊ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ. ದಾರ ಯಾವ ಸಾಲಿನಲ್ಲಿ ಹಾಯಿಸಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.