ಮಿತಿಯೊಳಗಿನ ವಿಕಿರಣದಿಂದಲೂ ಕ್ಯಾನ್ಸರ್ ಬರುತ್ತದೆ ಎಂಬ ಆಲಿಸ್ ಸ್ಟುವರ್ಟ್ ಮಾತು ನಿಜವೇ?

ತಮ್ಮನಿಗೆ ಅಣುಸ್ಥಾವರದಲ್ಲಿ ಕೆಲಸ ಸಿಕ್ಕಿದೆ, ಆಲಿಸ್ ಸ್ಟುವರ್ಟ್ ಎಂಬ ವಿಜ್ಞಾನಿ ಹೀಗೆ ಹೇಳಿದ್ದಾರಂತೆ, ಕಳಿಸಬಹುದೇ ಎಂದು ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿಯಲ್ಲ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಆದರೆ ಸ್ಟುವರ್ಟ್ ಅವರ ಋಣ ನನ್ನ ಕೆಲಸದ ಮೇಲೆ ದಿನಾ ಇದೆ. ಹೊಟ್ಟೆಯ ಎಕ್ಸ್‌ರೇಗೆ ಹರೆಯದ ಹೆಣ್ಣುಮಕ್ಕಳು ಬಂದರೆ ನಾನು ಕೇಳುವ ಮೊದಲ ಮಾತು, "ಡೇಟ್ ಆಗಿ ಎಷ್ಟು ದಿನ ಆಯ್ತಮ್ಮಾ?" ಪಕ್ಕದಲ್ಲಿ ಅತ್ತೆ ನಿಂತಿದ್ದರೆ ಕೆಲವರು ನೆಲ ನೋಡುತ್ತಾರೆ. ಆಗ ಅತ್ತೆಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಮತ್ತೆ ಕೇಳುತ್ತೇನೆ. ಈ ಪ್ರಶ್ನೆ ನಮ್ಮ ಬಾಯಿಗೆ ಬಂದಿದ್ದರಲ್ಲಿ ಸ್ಟುವರ್ಟ್ ಅವರ ಪಾಲು ದೊಡ್ಡದು.

ಸ್ಟುವರ್ಟ್ ಇಂಗ್ಲೆಂಡಿನ ವೈದ್ಯೆ. 1950ರ ದಶಕದಲ್ಲಿ ಅಲ್ಲಿ ಎಳೆಯ ಮಕ್ಕಳು ರಕ್ತದ ಕ್ಯಾನ್ಸರಿನಿಂದ ಸಾಯುವುದು ಹೆಚ್ಚುತ್ತಿತ್ತು. ಏಕೆಂದು ಯಾರಿಗೂ ತಿಳಿಯದು. ಗೊತ್ತಿದ್ದರೆ ಹೆತ್ತವರಿಗೇ ಗೊತ್ತಿರಬೇಕು, ತಾಯಂದಿರನ್ನೇ ಕೇಳೋಣ ಎಂದು ಆಕೆ ಹೊರಟರು. ದೇಶದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಮಗು ಕಳೆದುಕೊಂಡವರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಮಾತಾಡಿಸಿದರು. ಬಸುರಿಯಾಗಿದ್ದಾಗ ಹೊಟ್ಟೆಗೆ ಎಕ್ಸ್‌ರೇ ತೆಗೆಸಿಕೊಂಡವರ ಸಂಖ್ಯೆ ಮೊದಲ ಗುಂಪಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. 1956ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಚಿಕ್ಕದಾಗಿ, 1958ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರವಾಗಿ ಇದು ಬಂತು.

ಈ ಕೆಲಸಕ್ಕೆ ಸಿಕ್ಕ ದುಡ್ಡು ಒಂದು ಸಾವಿರ ಪೌಂಡ್, ಕೊಟ್ಟದ್ದು ಲೇಡಿ ಟಾಟಾ ಸ್ಮಾರಕ ನಿಧಿ. ಆ ಲೇಡಿ ಟಾಟಾ, ಅಂದರೆ ಮೆಹರ್‌ಬಾಯಿ ಟಾಟಾ, 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಕೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಭಾಭಾ ಅವರ ಮಗಳು, ನಮ್ಮ ಅಣುಶಕ್ತಿಯ ಹೋಮಿ ಭಾಭಾಗೆ ಸೋದರತ್ತೆ! ಇದನ್ನು ಓದಿದ ದಿನ ನಾನು ಡಾರ್ಕ್ ರೂಮಿನಲ್ಲಿ ಒಬ್ಬಳೇ ನಕ್ಕಿದ್ದೆ.

ವೈದ್ಯರು ಮಾತ್ರ ಒಪ್ಪಲಿಲ್ಲ. ಮಗು ಸತ್ತ ತಾಯಿ ಎಲ್ಲವನ್ನೂ ಕೆದಕಿ ನೆನಪಿಸಿಕೊಳ್ಳುತ್ತಾಳೆ, ಉಳಿದವರು ಮರೆತಿರುತ್ತಾರೆ ಎಂಬ ವಾದ. ಸುಮ್ಮನೆ ತಳ್ಳಿಹಾಕುವ ವಾದವೇನಲ್ಲ ಅದು. 1962ರಲ್ಲಿ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೋನ್ ಯಾರ ನೆನಪನ್ನೂ ನಂಬದೆ ಆಸ್ಪತ್ರೆಯ ದಾಖಲೆಗಳನ್ನೇ ತೆಗೆದು ನೋಡಿದರು. ಆಗಲೂ ಹೊಟ್ಟೆಯಲ್ಲಿದ್ದಾಗ ಎಕ್ಸ್‌ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರಿನ ಸಾವು ಸುಮಾರು ಶೇ. 40ರಷ್ಟು ಹೆಚ್ಚು ಕಂಡಿತು.

ಇನ್ನು ನಿಮ್ಮ ತಮ್ಮನಿಗೆ ಸಂಬಂಧಿಸಿದ ಭಾಗ. ಅಮೆರಿಕದ ಹ್ಯಾನ್‌ಫೋರ್ಡ್‌ನಲ್ಲಿ ಬಾಂಬಿಗೆ ಪ್ಲುಟೋನಿಯಂ ತಯಾರಾಗುತ್ತಿತ್ತು. ಅಲ್ಲಿನ ಕೆಲಸಗಾರರ ಆರೋಗ್ಯವನ್ನು ಸರ್ಕಾರದ ದುಡ್ಡಿನಲ್ಲೇ 1964ರಿಂದ ಥಾಮಸ್ ಮ್ಯಾನ್‌ಕುಸೊ ನೋಡುತ್ತಿದ್ದರು. 1974ರಲ್ಲಿ ಬೇರೊಬ್ಬ ವೈದ್ಯ ಅಲ್ಲಿ ಕ್ಯಾನ್ಸರ್ ಹೆಚ್ಚಿದೆ ಎಂದಾಗ, ಅದನ್ನು ಅಲ್ಲಗಳೆಯುವ ಹೇಳಿಕೆ ಕೊಡಿ ಎಂದು ಮೇಲಿನವರು ಮ್ಯಾನ್‌ಕುಸೊಗೆ ಹೇಳಿದರು. ಅವರು ಕೊಡಲಿಲ್ಲ. ದುಡ್ಡು ನಿಂತಿತು. ಅಷ್ಟರಲ್ಲಿ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದ ಸ್ಟುವರ್ಟ್ ಅವರನ್ನೂ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ನೀಲ್ ಅವರನ್ನೂ ಕರೆಸಿಕೊಂಡಿದ್ದರು. ಕೆಲಸಗಾರರ ಎದೆಯ ಮೇಲಿನ, ವಿಕಿರಣ ಅಳೆಯುವ ಬ್ಯಾಡ್ಜಿನ ಲೆಕ್ಕವನ್ನೂ ಮರಣಪತ್ರಗಳನ್ನೂ ಪಕ್ಕಪಕ್ಕ ಇಟ್ಟು, ಮಿತಿಗಿಂತ ಎಷ್ಟೋ ಕಡಿಮೆ ವಿಕಿರಣ ಬಿದ್ದವರಲ್ಲೂ ಕ್ಯಾನ್ಸರ್ ಹೆಚ್ಚಿದೆ ಎಂದು 1977ರಲ್ಲಿ ಮೂವರೂ ಬರೆದರು.

ಅದೇ ಅಂಕಿಗಳನ್ನು ಬೇರೆಯವರು ನೋಡಿದಾಗ ಒಂದೆರಡು ಬಗೆಯ ಕ್ಯಾನ್ಸರಿನಲ್ಲಿ ಮಾತ್ರ ಹೆಚ್ಚಳ ಕಂಡಿತು. ನನಗನಿಸುವಂತೆ ಸ್ಟುವರ್ಟ್ ಹಿಡಿದ ದಾರಿ ಸರಿ, ಹಾಕಿದ ಅಳತೆ ಜಾಸ್ತಿ. 2023ರಲ್ಲಿ ಫ್ರಾನ್ಸ್, ಬ್ರಿಟನ್, ಅಮೆರಿಕದ 3,09,932 ಅಣು ಕೆಲಸಗಾರರ ಅಧ್ಯಯನ ಬಂದಿದೆ. ಅದರ ಪ್ರಕಾರ ಒಂದು ಗ್ರೇ (ಮೈಗೆ ಸೇರಿದ ವಿಕಿರಣದ ಅಳತೆ) ವಿಕಿರಣಕ್ಕೆ ಗಡ್ಡೆಯ ಕ್ಯಾನ್ಸರಿನ ಸಾವು ಶೇ. 52 ಹೆಚ್ಚುತ್ತದೆ. ಗಾಬರಿಯಾಗಬೇಡಿ, ವಿಕಿರಣ ತಗುಲಿದ ಕೆಲಸಗಾರನಿಗೆ ಸರಾಸರಿ ಸೇರಿದ್ದು ಸುಮಾರು 21 ಮಿಲಿಗ್ರೇ, ಅಂದರೆ ಒಂದು ಗ್ರೇಯ ಐವತ್ತನೇ ಒಂದು ಭಾಗ. ಗುಣಿಸಿ ನೋಡಿದರೆ ಹೆಚ್ಚಳ ಶೇ. 1ರ ಆಸುಪಾಸು. ಸೊನ್ನೆಯಲ್ಲ, ಊರು ಬಿಟ್ಟು ಓಡುವಂಥದ್ದೂ ಅಲ್ಲ. ನನ್ನ ತಮ್ಮನಾಗಿದ್ದರೆ ಕಳಿಸುತ್ತಿದ್ದೆ.

ಒಂದು ಮಾತು ಮಾತ್ರ ಅವನಿಗೆ ಹೇಳಿ. ಈ ಎಲ್ಲ ಲೆಕ್ಕ ನಿಂತಿರುವುದು ಬ್ಯಾಡ್ಜಿನ ಮೇಲೆ. ಅದನ್ನು ಲಾಕರಿನಲ್ಲಿ ಬಿಟ್ಟು ಒಳಗೆ ಹೋಗುವವರನ್ನು ನಾನೇ ನೋಡಿದ್ದೇನೆ, ಡೋಸ್, ಅಂದರೆ ಮೈಗೆ ಸೇರಿದ ವಿಕಿರಣ, ಜಾಸ್ತಿ ಬಂದರೆ ಕೆಲಸ ಬದಲಿಸುತ್ತಾರೆಂಬ ಭಯ. ನಮ್ಮಲ್ಲಿ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಎಕ್ಸ್‌ರೇ, ಗಾಮಾ ಕಿರಣಗಳಿಗೆ ಹೆಚ್ಚುಕಡಿಮೆ ಮಿಲಿಗ್ರೇಯಷ್ಟೇ), ಯಾವ ವರ್ಷವೂ 30 ದಾಟಬಾರದು. ಡೋಸ್ ರಿಪೋರ್ಟ್ ಕೇಳಿ ಪಡೆಯಲಿ, ಕಂಟ್ರಾಕ್ಟ್ ಮೇಲೆ ಹೋಗುತ್ತಿದ್ದರಂತೂ ಬಿಡದೆ ಕೇಳಲಿ, ಜೆರಾಕ್ಸ್ ಮನೆಯಲ್ಲಿರಲಿ. ನನ್ನವು ರೇಷನ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿವೆ.