ಸಿಲಿಂಡರ್ ಸಿಕ್ಕಿಕೊಳ್ಳುವ ರಿವಾಲ್ವರ್: ಇಂಡಿಯಾನಾಕ್ಕೆ ಹೊಸದಾಗಿ ಹೋದ ಕೊಡಗಿನವರೊಬ್ಬರಿಗೆ ಉತ್ತರ

ವಿರಾಜಪೇಟೆಯಿಂದ ಉದ್ಯೋಗದ ವೀಸಾದ ಮೇಲೆ ಇಂಡಿಯಾನಾಕ್ಕೆ ಹೋಗಿರುವ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಮನೆಯಲ್ಲಿ ಕೋವಿಯನ್ನು ಕಂಡೇ ಬೆಳೆದ ನಮ್ಮಂಥವರು ಅಮೆರಿಕದಲ್ಲಿ ಆ ಹವ್ಯಾಸವನ್ನು ಮುಂದುವರಿಸಬಹುದೇ ಎಂಬುದು ಒಂದು. ನೀವು ಕೊಂಡಿರುವ, 1858ರ ರೆಮಿಂಗ್ಟನ್ ಮಾದರಿಯ ಕರಿಮದ್ದಿನ ರಿವಾಲ್ವರಿನ ಸಿಲಿಂಡರ್ (ಮದ್ದು, ಗುಂಡು ತುಂಬುವ ಕೋಣೆಗಳಿರುವ, ತಿರುಗುವ ಉರುಳೆ) ಎರಡನೆಯ ಸಲ ಮದ್ದು ತುಂಬಿದ ಮೇಲೆ ತಿರುಗದೆ ನಿಂತುಬಿಡುವುದೇಕೆ ಎಂಬುದು ಇನ್ನೊಂದು. ಓಹಾಯೋದಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಈಗ ಕೈಲ್ ಮುಹೂರ್ತದ ಹಬ್ಬಕ್ಕೆಂದು ನಾಪೋಕ್ಲಿನ ಮನೆಗೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ 2029ರವರೆಗೆ ಇರುವ ವಿನಾಯಿತಿ ನಮ್ಮ ಊರಿನದು. ಅಮೆರಿಕದಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದ ಮೇಲಿರುವವರು ಕೆಲವು ಅಪವಾದಗಳನ್ನು ಬಿಟ್ಟರೆ ಆಧುನಿಕ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಮದ್ದು, ಗುಂಡು, ಕೇಪು (ಹ್ಯಾಮರಿನ ಹೊಡೆತಕ್ಕೆ ಸಿಡಿದು ಮದ್ದಿಗೆ ಬೆಂಕಿ ಹತ್ತಿಸುವ ಪುಟ್ಟ ಲೋಹದ ಟೋಪಿ) ಇವುಗಳನ್ನು ಬೇರೆಬೇರೆಯಾಗಿ ತುಂಬುವ ಹಳೆಯ ಮಾದರಿಯ ಆಯುಧಗಳನ್ನು ಆ ಕಾನೂನು ಪುರಾತನ ಆಯುಧಗಳೆಂದು ಪ್ರತ್ಯೇಕಿಸಿದೆಯಾದರೂ ರಾಜ್ಯಗಳ ಕಾನೂನುಗಳು ಒಂದೇ ರೀತಿ ಇಲ್ಲ. ಆದ್ದರಿಂದ ನಿಮ್ಮ ವೀಸಾದ ಸ್ಥಿತಿಯನ್ನೂ ರಿವಾಲ್ವರಿನ ವಿವರವನ್ನೂ ವಲಸೆ ವಕೀಲರ ಮುಂದಿಟ್ಟು ಅವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮದ್ದು, ಗುಂಡು ಒಂದೇ ಕವಚದಲ್ಲಿರುವ ತೋಟೆ ಹಾಕಲು ಬರುವಂಥ ಬದಲಿ ಸಿಲಿಂಡರನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದನ್ನು ಜೋಡಿಸಿದ ಕ್ಷಣವೇ ನಿಮ್ಮ ರಿವಾಲ್ವರ್ ಪುರಾತನ ಆಯುಧವಾಗಿ ಉಳಿಯುವುದಿಲ್ಲ.

ಇನ್ನು ಸಿಲಿಂಡರಿನ ವಿಷಯ. ಊರಿನ ಕೇಪಿನ ಕೋವಿಯ ಅನುಭವ ನಿಮಗೆ ಇಲ್ಲಿ ಅರ್ಧ ಮಾತ್ರ ನೆರವಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಆ ಕೋವಿಯಲ್ಲಿ ತಿರುಗುವ ಭಾಗವೇ ಇಲ್ಲ. ಮಸಿ ಕಟ್ಟಿದರೆ ಗಜ ಹಾಕಿ ಗುಂಡನ್ನು ಇಳಿಸುವುದು ಕಷ್ಟವಾಗುತ್ತದೆ, ಅಷ್ಟೆ. ರಿವಾಲ್ವರಿನಲ್ಲಾದರೋ ಅದೇ ಮಸಿ ಚಲನೆಯನ್ನೇ ತಡೆಯುತ್ತದೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮುವ ಹೊಗೆ ಆ ಮಸಿಯನ್ನು ಸಿಲಿಂಡರಿನ ಮುಖದ ಮೇಲೂ, ಸಿಲಿಂಡರ್ ತಿರುಗುವ ಅಚ್ಚಿನ ಬಾಯಿಯಲ್ಲೂ ಬಳಿಯುತ್ತದೆ. ಅದೇ ಕಾಲದ ಇನ್ನೊಂದು ರಿವಾಲ್ವರ್ ಆದ ಕೋಲ್ಟ್ ಮಾದರಿಯಲ್ಲಿ ಈ ಅಚ್ಚು ದಪ್ಪ, ಗ್ರೀಸ್ ನಿಲ್ಲಲು ಅದರ ಮೇಲೆ ಗೀರುಗಳೂ ಇವೆ. ರೆಮಿಂಗ್ಟನ್ನಿನ ಅಚ್ಚು ತೆಳ್ಳಗಿದೆ, ನುಣುಪಾಗಿದೆ, ಮತ್ತು ಆ ಕಾರಣಕ್ಕೆ ಬೇಗ ಕಟ್ಟಿಕೊಳ್ಳುತ್ತದೆ. ಚೌಕಟ್ಟಿನ ದೃಢತೆಯಲ್ಲಿ ರೆಮಿಂಗ್ಟನ್ ಮೇಲು ಎಂದು ನಾನು ನಂಬಿದ್ದರೂ ಈ ಒಂದು ವಿಷಯದಲ್ಲಿ ಕೋಲ್ಟ್ ಮುಂದಿದೆ.

ಆದರೆ ಎಲ್ಲವನ್ನೂ ಮಸಿಯ ತಲೆಗೆ ಕಟ್ಟುವ ಮೊದಲು ಸಿಲಿಂಡರ್ ಹೇಗೆ ನಿಂತಿತು ಎಂಬುದನ್ನು ನಿಮ್ಮ ಹೆಬ್ಬೆರಳಿನಿಂದಲೇ ತಿಳಿದುಕೊಳ್ಳಿ. ಹ್ಯಾಮರ್ ಎಳೆಯುವುದು ಈಡಿನಿಂದ ಈಡಿಗೆ ಭಾರವಾಗುತ್ತ ಹೋಗಿ ಕೊನೆಗೆ ನಿಂತರೆ ಅದು ಮಸಿಯೇ. ನೀವು ಬರೆದಿರುವಂತೆ ಎರಡನೆಯ ಸಲ ತುಂಬಿದ ಮೇಲೆ ಬಿಗಿಯಾಗುವುದು ಇದೇ ಲಕ್ಷಣ. ಚೆನ್ನಾಗಿ ತಿರುಗುತ್ತಿದ್ದುದು ಒಮ್ಮೆಲೇ ಕಚ್ಚಿಕೊಂಡರೆ ಸಿಡಿದ ಕೇಪಿನ ಚೂರು ಹ್ಯಾಮರಿನ ಸಂದಿಗೋ ಸಿಲಿಂಡರಿನ ಹಿಂಬದಿಗೋ ಬಿದ್ದಿರುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಕೋಣೆಯ ಬಳಿ ನಿಲ್ಲುತ್ತಿದ್ದರೆ ಆ ಕೋಣೆಯ ನಿಪ್ಪಲ್ (ಕೇಪನ್ನು ಕೂರಿಸುವ ತೂತಿನ ಮೊಳೆ) ಪೂರ್ತಿ ಒಳಗಿಳಿದಿಲ್ಲ, ಕೇಪು ಎತ್ತರದಲ್ಲಿ ಕೂತಿದೆ, ಇಲ್ಲವೇ ಗುಂಡು ಕೋಣೆಯ ಬಾಯಿಂದ ಹೊರಗೆ ಇಣುಕಿ ನಳಿಗೆಯ ಹಿಂಬದಿಗೆ ತಾಗುತ್ತಿದೆ. ತೊಳೆದು ಒರೆಸಿ ಖಾಲಿ ಇಟ್ಟಾಗಲೂ ತಿರುಗದಿದ್ದರೆ ಮಾತ್ರ ಒಳಗಿನ ಸ್ಪ್ರಿಂಗ್, ಸಿಲಿಂಡರನ್ನು ತಳ್ಳುವ ‘ಕೈ’ ಎಂಬ ತುಂಡು ಅಥವಾ ಅದನ್ನು ತಡೆದು ನಿಲ್ಲಿಸುವ ಬೋಲ್ಟ್ ಇವುಗಳ ಮೇಲೆ ಅನುಮಾನ ಪಡಬೇಕು.

ತುಂಬಿದ ರಿವಾಲ್ವರ್ ಕೈಯಲ್ಲಿ ಸಿಕ್ಕಿಕೊಂಡಾಗ ಕಾರಣ ಹುಡುಕುವ ಕೆಲಸ ಆಮೇಲಿನದು. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ರೇಂಜಿನ (ಗುರಿ ಅಭ್ಯಾಸದ ಸ್ಥಳದ) ಮೇಲ್ವಿಚಾರಕರನ್ನು ಕರೆಯಿರಿ. ಕೇಪು ಸಿಡಿದೂ ಗುಂಡು ಹೊರಡದಿದ್ದರೆ ಕನಿಷ್ಠ ಒಂದು ನಿಮಿಷ ಹಾಗೆಯೇ ಹಿಡಿದಿರಿ, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಹ್ಯಾಮರನ್ನು ಬಲವಂತವಾಗಿ ಎಳೆಯಬಾರದು. ಕೇಪುಗಳು ಇನ್ನೂ ಕೂತಿರುವಾಗ ಸಿಲಿಂಡರಿನ ಮೇಲೋ ಅಚ್ಚಿನ ಮೇಲೋ ಏನನ್ನೂ ಬಡಿಯಬಾರದು. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೇಲ್ವಿಚಾರಕರ ಎದುರಿನಲ್ಲೇ ಉಳಿದ ಕೇಪುಗಳನ್ನು ಮೆಲ್ಲಗೆ ತೆಗೆದ ಮೇಲೆ ಮಾತ್ರ ಸಿಲಿಂಡರನ್ನು ಹೊರಗೆ ತೆಗೆಯಿರಿ.

ನಿಮ್ಮ ತೊಂದರೆ ಮಸಿಯದೇ ಎಂದು ನನಗೆ ಅನ್ನಿಸುವುದರಿಂದ ಅದರ ಉಪಾಯವನ್ನು ವಿವರವಾಗಿ ಹೇಳುತ್ತೇನೆ. ಸಿಲಿಂಡರ್ ಪೂರ್ತಿ ಖಾಲಿಯಾದ ಮೇಲೆ ಹ್ಯಾಮರನ್ನು ಅರ್ಧಕ್ಕೆ ಎಳೆದು, ನಳಿಗೆಯ ಕೆಳಗಿರುವ, ಗುಂಡು ಒತ್ತುವ ಸನ್ನೆಯನ್ನು ಇಳಿಸಿ, ಅಚ್ಚನ್ನು ಮುಂದಕ್ಕೆ ಎಳೆದು ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿ ತೆಗೆಯಿರಿ. ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮುಖ, ನಡುವಿನ ರಂಧ್ರ, ಅಚ್ಚು ಮೂರನ್ನೂ ಒರೆಸಿ, ತೇವ ಆರಿದ ಮೇಲೆ ಅಚ್ಚಿಗೆ ಜೇನುಮೇಣವನ್ನೂ ಕುರಿಕೊಬ್ಬನ್ನೂ ಸೇರಿಸಿ ಕಾಸಿದ ಮುಲಾಮನ್ನು ಸವರಿ. ವಾಹನಗಳಿಗೆ ಬಳಸುವ ಪೆಟ್ರೋಲಿಯಂ ಗ್ರೀಸ್ ಈ ಮಸಿಯೊಂದಿಗೆ ಬೆರೆತು ಅಂಟಾಗಿ ಗಟ್ಟಿಯಾಗುತ್ತದೆ. ಪ್ರತಿ ಸಲ ತುಂಬುವ ಮೊದಲು ಹೀಗೆ ಮಾಡಿ. ಮದ್ದಿನ ಮೇಲೆ, ಗುಂಡಿನ ಕೆಳಗೆ, ಇದೇ ಮುಲಾಮು ಹೀರಿದ ಉಣ್ಣೆಯ ಬಿಲ್ಲೆಯನ್ನು ಇಟ್ಟರೆ ನಳಿಗೆಯ ಮಸಿಯೂ ಮೆತ್ತಗೆ ಉಳಿಯುತ್ತದೆ. ನಮ್ಮ ಕಕ್ಕಡ ತಿಂಗಳ ಮಳೆಯ ತೇವದಲ್ಲಿ ಮಸಿ ಒಣಗುವುದೇ ಇಲ್ಲ, ಇಲ್ಲಿ ಚಿಂತೆ ತುಕ್ಕಿನದು. ನೀವು ಈಗಿರುವ ಕಡೆ ಶರತ್ಕಾಲದ ಒಣಹವೆಯಲ್ಲಿ ಅದು ಹೆಪ್ಪುಗಟ್ಟುತ್ತದೆ, ಹಾಗಾಗಿ ಅಕ್ಟೋಬರಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಮನೆಗೆ ಬಂದ ದಿನವೇ ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚುವ ಕ್ರಮ ನಿಮಗೆ ಊರಿನಿಂದಲೇ ಗೊತ್ತಿದೆ.

ಕೇಪುಗಳ ವಿಷಯದಲ್ಲಿ ಅಳತೆಯೇ ಮುಖ್ಯ. 10 ಮತ್ತು 11ರ ಸಂಖ್ಯೆಯ ಕೇಪುಗಳೆರಡನ್ನೂ ಒಂದೊಂದು ಡಬ್ಬಿ ತಂದು, ನಿಪ್ಪಲ್ಲಿನ ಮೇಲೆ ಬಿಗಿಯಾಗಿ ಪೂರ್ತಿ ಇಳಿಯುವುದನ್ನು ಆರಿಸಿ. ಮರದ ಕಡ್ಡಿಯಿಂದ ಒತ್ತಿ ಕೂರಿಸಿ. ಗುಂಡು ಕೋಣೆಗಿಂತ ತುಸು ದಪ್ಪಗಿದ್ದು, ಇಳಿಸುವಾಗ ಸುತ್ತಲೂ ಸೀಸದ ತೆಳು ಉಂಗುರ ಕತ್ತರಿಸಿ ಬೀಳಬೇಕು. .44ರ ಮಾದರಿಗಳಿಗೆ ಸಾಮಾನ್ಯವಾಗಿ .451 ಅಥವಾ .454 ಅಂಗುಲದ ಗುಂಡು ಬಳಸುತ್ತಾರೆ. ಉಂಗುರ ಬೀಳದಿದ್ದರೆ ಗುಂಡು ಸಡಿಲವೆಂದೇ ಅರ್ಥ. ಪಕ್ಕದ ಕೋಣೆಯ ಹೊಡೆತಕ್ಕೆ ಅದು ಮುಂದೆ ಜರುಗಿ ಸಿಲಿಂಡರನ್ನು ತಡೆಯುತ್ತದೆ, ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವ ಅಪಾಯವೂ ಹೆಚ್ಚುತ್ತದೆ. ಮದ್ದಿನ ಪ್ರಮಾಣಕ್ಕೆ ತಯಾರಕರ ಪುಸ್ತಿಕೆಯ ಮಿತಿಯನ್ನು ಮೀರಬೇಡಿ, ಹೊಗೆರಹಿತ ಮದ್ದನ್ನು ಎಂದೂ ಹತ್ತಿರ ತರಬೇಡಿ.

ರೇಂಜಿನಲ್ಲಿ ಯಾರೋ ಸಿಲಿಂಡರಿನ ಮುಖವನ್ನು ಅರದಿಂದ ತೀಡಲು ಹೇಳಿದರೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ತೀಡಿದ ಉಕ್ಕು ಮತ್ತೆ ಬರುವುದಿಲ್ಲ, ಸಂದು ಹೆಚ್ಚಾದರೆ ಹೊಗೆ ಇನ್ನೂ ಜಾಸ್ತಿ ಚಿಮ್ಮುತ್ತದೆ. ಮೇಲಿನದೆಲ್ಲ ಮಾಡಿಯೂ ಖಾಲಿ ಸಿಲಿಂಡರ್ ಬಿಗಿಯಾಗಿಯೇ ಇದ್ದರೆ ಕರಿಮದ್ದಿನ ಆಯುಧಗಳನ್ನು ಬಲ್ಲ ಕೆಲಸಗಾರರಿಗೆ ತೋರಿಸಿ. ನಿಮ್ಮ ರಾಜ್ಯದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ, 1933ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಜಲ್ ಲೋಡಿಂಗ್ (ನಳಿಗೆಯ ಬಾಯಿಂದ ಮದ್ದು ತುಂಬುವ) ರೈಫಲ್ ಸಂಘದ ಕೂಟಗಳು ನಡೆಯುತ್ತವೆ. ವಕೀಲರ ಒಪ್ಪಿಗೆ ಸಿಕ್ಕ ಮೇಲೆ ಅಲ್ಲಿಗೆ ಹೋಗಿ, ಎಷ್ಟನೆಯ ಈಡಿಗೆ ಯಾವ ಕೋಣೆಯಲ್ಲಿ ಸಿಕ್ಕಿಕೊಂಡಿತೆಂದು ಬರೆದಿಟ್ಟ ಚೀಟಿಯೊಂದಿಗೆ ವಿಚಾರಿಸಿ.