ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದೇಕೆ?

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿಟ್ಟ, ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಗ್ರಾಹಕರ ಪಟ್ಟಿಯಲ್ಲಿ ಊರಿನ ಹೆಸರೆಲ್ಲ ‘????’ ಆಗಿದೆ ಎಂದು ಕೇಳಿದ್ದೀರಿ. ಮೊದಲು, ಒಳಗೆ ಉಳಿದ ಬೈಟ್‌ಗಳನ್ನು ಹಾಗೇ ತೋರಿಸುವ ಹೆಕ್ಸ್ (HEX) ಫಂಕ್ಷನ್ ಬಳಸಿ ಆ ಕಾಲಂ ನೋಡಿ. ಬರೀ 3ಎಫ್ (ಅಂದರೆ ‘?’ ಚಿಹ್ನೆಯ ಬೈಟ್) ಕಂಡರೆ ಅಕ್ಷರಗಳು ಹೋದವೆಂದೇ ತಿಳಿಯಿರಿ, ಮತ್ತೆ ಟೈಪ್ ಮಾಡಬೇಕು. ಇ0ಬಿ2, ಇ0ಬಿ3 ಎಂದು ಕಂಡರೆ ಕನ್ನಡದ ಬೈಟ್‌ಗಳು ಉಳಿದಿವೆ; ತಪ್ಪು ಬಹುಶಃ ಪ್ರೋಗ್ರಾಮ್ ಮತ್ತು ಡೇಟಾಬೇಸ್ ನಡುವಿನ ಸಂಪರ್ಕದ್ದು.

ಮೈಎಸ್‌ಕ್ಯೂಎಲ್‌ನ ಹಳೆಯ 5.7 ಆವೃತ್ತಿಯವರೆಗೂ ಅಕ್ಷರಗಳನ್ನು ಬೈಟ್ ಆಗಿಸುವ ಡೀಫಾಲ್ಟ್ ಪದ್ಧತಿ (ಕ್ಯಾರೆಕ್ಟರ್ ಸೆಟ್) ಲ್ಯಾಟಿನ್1 ಆಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 8.0ರಿಂದ ಅದರ ಜಾಗಕ್ಕೆ ಯುಟಿಎಫ್8ಎಂಬಿ4 (utf8mb4) ಬಂದಿದೆ. ಕನ್ನಡದ ಒಂದು ಯುನಿಕೋಡ್ ಸಂಕೇತಕ್ಕೆ 3 ಬೈಟ್ ಸಾಕು, ಎಮೋಜಿಗೆ 4 ಬೇಕು. ಹಾಗಾಗಿ ‘ಎಂಬಿ4’ ಇರುವುದನ್ನೇ ಆರಿಸಿ.

ಬಹಳ ಜನ ಡೇಟಾಬೇಸ್‌ನ ಡೀಫಾಲ್ಟ್ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಮುಂದೆ ರಚಿಸುವ ಟೇಬಲ್‌ಗಳಿಗೆ ಮಾತ್ರ ಅನ್ವಯ. ಹಳೆಯ ಟೇಬಲ್‌ಗಳನ್ನು ಬ್ಯಾಕಪ್ ತೆಗೆದು ಒಂದೊಂದಾಗಿ ಪರಿವರ್ತಿಸಬೇಕು. ಪ್ರೋಗ್ರಾಮ್‌ನ ಸಂಪರ್ಕವೂ ಯುಟಿಎಫ್8ಎಂಬಿ4 ಆಗಿರಲಿ. ನಾನು ಎಡವಿದ್ದು ಇಲ್ಲೇ.

ಕಾಲಂ ಅಗಲವನ್ನೂ ಗಮನಿಸಿ. ‘ಗದಗ’ 3 ಸಂಕೇತ, ಸರಿ. ಆದರೆ ಕಣ್ಣಿಗೆ ಮೂರೇ ಅಕ್ಷರ ಕಾಣುವ ‘ಹುಬ್ಬಳ್ಳಿ’ ಒತ್ತು, ಗುಣಿತ ಸೇರಿ 9 ಸಂಕೇತ, 27 ಬೈಟ್. ಪಠ್ಯದ ಕಾಲಂಗೆ ಅಗಲ ಕೊಡುವ ವಾರ್‌ಚಾರ್ (VARCHAR) ಎಣಿಸುವುದು ಸಂಕೇತಗಳನ್ನು.